ಪೆರ್ಲದ ತಮ್ಮನಿಗೆ: ಶಾರ್ಜಾದ ಟಿವಿ, ಊರಿನ ವೋಟು

ತಮ್ಮಾ,

ನಿನ್ನ ಮೆಸೇಜು ಓದಿದೆ. ಅಕೌಂಟ್ಸ್ ಕೆಲಸಕ್ಕೆ ಶಾರ್ಜಾಕ್ಕೆ ಬರುತ್ತಿದ್ದೀಯ, ಕಂಪೆನಿಯೇ ರೂಮು ಕೊಡುತ್ತದೆ ಅಂತ ಗೊತ್ತಾಗಿ ಖುಷಿಯಾಯಿತು. ನಮ್ಮ ಕಾಸರಗೋಡಿನಿಂದ ಹೊರಡುವ ಹುಡುಗರು ಸಾಧಾರಣವಾಗಿ ಸಂಬಳ, ವೀಸಾ, ಬಾಡಿಗೆ ಕೇಳುತ್ತಾರೆ. ನೀನು ಕೇಳಿದ್ದು ಬೇರೆಯೇ. "ಅಣ್ಣ, ಅಲ್ಲಿ ಕನ್ನಡ ಚಾನೆಲ್ ಸಿಗ್ತದಾ? ಬಿಗ್ ಬಾಸ್ ನೋಡ್ಲಿಕ್ಕೆ ಆಗ್ತದಾ? ರೂಮಿನಲ್ಲಿ ರಾಜಕೀಯ ಮಾತಾಡಿದ್ರೆ ತೊಂದರೆ ಉಂಟಾ? ಚುನಾವಣೆಗೆ ಅಲ್ಲಿಂದಲೇ ವೋಟು ಹಾಕ್ಬಹುದಾ?" ಕೊನೆಗೆ, ಎಂತೆಲ್ಲ ತರಬೇಕು ಅಂತ.

ಕೊನೆಯದನ್ನು ಮೊದಲು ಮುಗಿಸುತ್ತೇನೆ. ಏನೂ ತರಬೇಡ. ಕುಚ್ಚಲಕ್ಕಿಯಿಂದ ಹಿಡಿದು ತೊಂಡೆಕಾಯಿವರೆಗೆ ಎಲ್ಲ ಇಲ್ಲಿ ಸಿಗುತ್ತದೆ, ಊರಿಗಿಂತ ಚೆನ್ನಾಗಿಯೇ ಸಿಗುತ್ತದೆ. ಹಲಸಿನ ಹಪ್ಪಳ ಮಾತ್ರ ಅಮ್ಮ ಮಾಡಿದ್ದಿದ್ದರೆ ತಾ. ಮಲಯಾಳಂ ಸ್ವಲ್ಪ ಉಜ್ಜಿಕೊಂಡು ಬಾ. ನೀನು ಕನ್ನಡ ಮೀಡಿಯಮ್ಮಿನವನು ಅಂತ ಗೊತ್ತು, ನಾನೂ ಅದೇ. ಆದರೆ ಆಫೀಸಿನಲ್ಲಿ ಅರ್ಧ ಕೆಲಸ ಮಲಯಾಳಂನಲ್ಲೇ ಆಗುತ್ತದೆ.

ಚಾನೆಲ್ಲಿನ ವಿಷಯಕ್ಕೂ ಚಿಂತೆ ಇಲ್ಲ. ಬೇಕಾದದ್ದು ಹೆಚ್ಚಿನದೆಲ್ಲ ಫೋನಿನಲ್ಲೇ ಸಿಗುತ್ತದೆ, ದುಡ್ಡು ಕಟ್ಟಬೇಕು ಅಷ್ಟೆ. ಒಂದು ವಿಷಯ ನೆನಪಿರಲಿ. ಇಲ್ಲಿಯ ಗಡಿಯಾರ ಊರಿಗಿಂತ ಒಂದೂವರೆ ಗಂಟೆ ಹಿಂದೆ. ಊರಲ್ಲಿ ಒಂಬತ್ತೂವರೆಗೆ ಶುರುವಾಗುವ ಕಾರ್ಯಕ್ರಮ ಇಲ್ಲಿ ಎಂಟಕ್ಕೇ ಶುರು. ನಿನ್ನ ಆಫೀಸು ದುಬೈಯಲ್ಲಾದರೆ ಆ ಹೊತ್ತಿಗೆ ನೀನು ಶಾರ್ಜಾ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತಿರುತ್ತೀಯ. ಇನ್ನು, ವಾಟ್ಸಾಪಿನಲ್ಲಿ ಮೆಸೇಜು ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಕಾಲ್ ಮಾಡಲು ಬೋಟಿಮ್ ಅಂತ ಒಂದು ಆ್ಯಪ್ ಹಾಕಿಕೊಳ್ಳಬೇಕು. ಅದನ್ನು ಅಮ್ಮನ ಫೋನಿಗೂ ಈಗಲೇ ಹಾಕಿಸು, ಬಂದ ಮೇಲೆ ಹೇಳಿಕೊಡುವುದು ಕಷ್ಟ.

ನಾನು ಬಂದದ್ದು 2006ರ ಮೇ ತಿಂಗಳಲ್ಲಿ. ಶಾರ್ಜಾದ ರೋಲಾದ ಹತ್ತಿರ ಒಂದು ಬ್ಯಾಚುಲರ್ ರೂಮು. ಉಪ್ಪಳದ ಒಬ್ಬರು ಬ್ಯಾರಿ ಅಣ್ಣ (ಇಚ್ಚ ಅಂತಲೇ ಕರೆಯುವುದು), ಪಯ್ಯನ್ನೂರಿನ ಒಬ್ಬರು ಮಾಷ್ಟ್ರು, ಬಂಟ್ವಾಳದ ಒಬ್ಬ ಪೊರ್ಬು, ಅಂದರೆ ಕ್ರಿಶ್ಚಿಯನ್ ಹುಡುಗ, ಮತ್ತೆ ನಾನು. ಒಂದೇ ಟಿವಿ. ರಿಮೋಟು ಹಿರಿಯರಾದ ಇಚ್ಚನ ತಲೆದಿಂಬಿನ ಅಡಿಯಲ್ಲಿ ಇರುತ್ತಿತ್ತು. ನಾನು ಪೆಟ್ಟಿಗೆ ಬಿಚ್ಚುವ ಮೊದಲೇ ಅವರು ಕೇಳಿದ್ದು, ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಮಂಜೇಶ್ವರ ಕ್ಷೇತ್ರದಲ್ಲಿ ಎಂತಾಯಿತು ಅಂತ. 1987ರಿಂದ ಗೆಲ್ಲುತ್ತಿದ್ದ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಸೋತು ಸಿಪಿಎಂನ ಸಿ.ಎಚ್. ಕುಂಞಂಬು ಗೆದ್ದ ಚುನಾವಣೆ ಅದು. ಆ ರೂಮಿನಲ್ಲಿ ವೋಟು ಹಾಕಿ ಬಂದವನು ನಾನೊಬ್ಬನೇ. ಆದರೆ ಯಾವ ಪಂಚಾಯತಿನಲ್ಲಿ ಯಾರಿಗೆ ಎಷ್ಟು ಹೋಯಿತು, ಯಾಕೆ ಹೋಯಿತು ಅಂತ ನನಗಿಂತ ಅವರಿಗೇ ಜಾಸ್ತಿ ಗೊತ್ತಿತ್ತು! ಪೈವಳಿಕೆಯಲ್ಲಿ ಹುಟ್ಟಿ ಬೆಳೆದ ನನಗೆ ಪೈವಳಿಕೆಯ ರಾಜಕೀಯವನ್ನು ಬಂಟ್ವಾಳದ ಪೊರ್ಬು ವಿವರಿಸುತ್ತಿದ್ದ. ಆಗ ನಗು ಬಂದಿತ್ತು. ಕೆಲವು ವರ್ಷಗಳಲ್ಲಿ ನಾನೂ ಅವನ ಹಾಗೇ ಆದೆ. ನಿನಗೂ ಆಗುತ್ತದೆ. ಊರಿನಲ್ಲಿ ಇದ್ದಾಗ ಟಿವಿ ಚರ್ಚೆ ನೋಡಲು ಯಾರಿಗೆ ಪುರುಸೊತ್ತು ಇರುತ್ತದೆ? ಅಡಕೆಗೆ ಮದ್ದು ಬಿಡಬೇಕು, ಮದುವೆಗೆ ಹೋಗಬೇಕು. ಇಲ್ಲಿ ಸಂಜೆಗಳು ಖಾಲಿ.

ಬಿಗ್ ಬಾಸ್ ಬಗ್ಗೆ ಕೇಳಿದ್ದಿ. ಕನ್ನಡದ್ದನ್ನು 2013ರಿಂದ ಸುದೀಪ್ ನಡೆಸುತ್ತಿದ್ದಾರೆ, ಮಲಯಾಳಂನದ್ದು 2018ರಲ್ಲಿ ಮೋಹನ್‌ಲಾಲ್ ಜೊತೆ ಶುರುವಾಯಿತು. ಎರಡೂ ಇರುವ ರೂಮಿಗೆ ಹೋದರೆ ನಿನ್ನ ಗತಿ ದೇವರೇ ಬಲ್ಲ. ಮೋಹನ್‌ಲಾಲರ ಎದುರು ಸುದೀಪರನ್ನು ಹೊಗಳಲಿಕ್ಕೆ ಮೊದಲ ತಿಂಗಳೇ ಹೋಗಬೇಡ. ಅದರ ಬಗ್ಗೆ ಇಷ್ಟು ಸಾಕು, ನಾನು ನೋಡುವುದಿಲ್ಲ. ಹೆಂಡತಿ ನೋಡುತ್ತಾಳೆ.

ಧಾರಾವಾಹಿಯ ಬಗ್ಗೆ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ನನ್ನ ಮಕ್ಕಳು ಇಲ್ಲೇ ಹುಟ್ಟಿದವರು. ಶಾಲೆಯಲ್ಲಿ ಹಿಂದಿ, ಗೆಳೆಯರ ಜೊತೆ ಮಲಯಾಳಂ, ಮನೆಯಲ್ಲಿ ಅಜ್ಜಿ ಬಂದಾಗ ತುಳು. ಕನ್ನಡ ಕಲಿತದ್ದು ಹೆಚ್ಚಾಗಿ ಸೀರಿಯಲ್ಲಿನಿಂದ. ಹಾಗಾಗಿ ಮಗಳು ಕೋಪ ಬಂದರೆ ಸೊಸೆಗೆ ವಿಷ ಹಾಕುವ ಅತ್ತೆಯ ಧಾಟಿಯಲ್ಲಿ ಮಾತಾಡುತ್ತಾಳೆ. "ಎಂತ ಮಾರಾಯ್ತಿ" ಅಂದರೆ ಅವಳಿಗೆ ನಗು. ದುಬೈಯಲ್ಲಿ ನಮ್ಮವರು ರಜೆಯ ದಿನ ಮಕ್ಕಳಿಗೆ ಉಚಿತವಾಗಿ ಕನ್ನಡ ಕಲಿಸುತ್ತಾರೆ. ಅಲ್ಲಿಗೆ ಸೇರಿಸಿದ ಮೇಲೆ ಓದಲು ಬಂತು. ನಿನಗೆ ಇನ್ನೂ ಮದುವೆಯಾಗಿಲ್ಲ, ಸುಮ್ನೆ ಹೇಳಿದೆ.

ಇಲ್ಲಿ ಕನ್ನಡದವರಿಗೆ ನೀನು ಮಲಯಾಳಿ, ಮಲಯಾಳಿಗಳಿಗೆ ನೀನು ಕನ್ನಡದವನು. ಊರಿನಲ್ಲೂ ಇದೇ ಕತೆ ಅಲ್ವಾ? ಕೆಎಲ್ 14, ಅಂದರೆ ಕಾಸರಗೋಡು ನಂಬರಿನ ಕಾರು ತೆಗೆದುಕೊಂಡು ಬೆಂಗಳೂರಿಗೆ ಹೋದವರಿಗೆಲ್ಲ ಗೊತ್ತು. ಒಮ್ಮೆ ಮಾತ್ರ ಇದರಿಂದ ನನಗೆ ಗೌರವ ಸಿಕ್ಕಿತು. 2022ರಲ್ಲಿ ಕಾಂತಾರ ಬಂತು. ಕನ್ನಡದ್ದು ಸೆಪ್ಟೆಂಬರ್ 30ಕ್ಕೆ, ಮೂರು ವಾರ ಬಿಟ್ಟು ಮಲಯಾಳಂನದ್ದು. ಆಫೀಸಿನ ತ್ರಿಶೂರಿನವರು, ಕೊಲ್ಲಂನವರು ಎಲ್ಲ ನನ್ನ ಟೇಬಲ್ಲಿನ ಸುತ್ತ ನಿಂತು, ಪಂಜುರ್ಲಿ ಅಂದರೆ ಏನು, ಗುಳಿಗ ಅಂದರೆ ಏನು ಅಂತ ಕೇಳಿದರು. ಚಂದ್ರಗಿರಿ ಹೊಳೆಯಿಂದ ಆಚೆ ತೆಯ್ಯಂ, ಈಚೆ ಕೋಲ, ಎರಡೂ ನೋಡಿ ಬೆಳೆದವರು ನಾವು ಅಂತ ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು. ಸುಳ್ಳು ಹೇಳುವುದಿಲ್ಲ.

ಈಗ ರಾಜಕೀಯ. ರೂಮಿನಲ್ಲಿ ಬಾಯಲ್ಲಿ ಮಾತಾಡಿದರೆ ಯಾರೂ ಕೇಳಲು ಬರುವುದಿಲ್ಲ. ಫೋನಿನಲ್ಲಿ ಮಾತ್ರ ಹುಷಾರು. 2022ರ ಜನವರಿಯಿಂದ ಇಲ್ಲಿ ಹೊಸ ಸೈಬರ್ ಕಾನೂನು ಇದೆ. ಸುಳ್ಳು ಸುದ್ದಿ ಹಂಚಿದರೂ, ವಾಟ್ಸಾಪಿನಲ್ಲಿ ಒಬ್ಬನನ್ನು ಬೈದರೂ ಅಪರಾಧ. ಧರ್ಮದ ಬಗ್ಗೆ ಹೀಗಳೆದು ಬರೆದರೆ ಅದಕ್ಕೆ ಬೇರೆಯೇ ಕಾನೂನು. ಊರಿನ ಗ್ರೂಪಿನಿಂದ ಬಂದದ್ದನ್ನು ಇಲ್ಲಿ ಕೂತು ಫಾರ್ವರ್ಡ್ ಮಾಡಿದರೆ, ಮಾಡಿದವನು ನೀನೇ. 2020ರಲ್ಲಿ ಇಂಥ ಪೋಸ್ಟಿನಿಂದ ಎಷ್ಟೋ ಭಾರತೀಯರ ಕೆಲಸ ಹೋಯಿತು, ಪತ್ರಿಕೆಯಲ್ಲೆಲ್ಲ ಬಂದಿತ್ತು. ಜಾತ್ರೆಗೆ, ಪಕ್ಷಕ್ಕೆ, ಚಿಕಿತ್ಸೆಗೆ ಅಂತ ಅನುಮತಿ ಇಲ್ಲದೆ ದುಡ್ಡು ಒಟ್ಟು ಮಾಡುವುದೂ ತಪ್ಪೇ. ಊರಿನಲ್ಲಿ ರಶೀದಿ ಪುಸ್ತಕ ಹಿಡಿದು ಓಡಾಡಿದ ಹಾಗೆ ಇಲ್ಲಿ ಆಗುವುದಿಲ್ಲ. ಯಾವ ಪಕ್ಷದ ಬಾವುಟವೂ ಬೇಡ.

ಆದರೆ ಪೊಲೀಸಿಗಿಂತ ನನಗೆ ಭಯ ಆದದ್ದು ಟಿವಿಯಿಂದ. 2020ರ ಮಾರ್ಚ್ ನಿನಗೆ ನೆನಪಿರಬೇಕು, ಆಗ ನೀನು ಶಾಲೆಗೆ ಹೋಗುತ್ತಿದ್ದಿ. ಕಾಸರಗೋಡಿನಲ್ಲಿ ಕೊರೊನಾ ಜಾಸ್ತಿಯಾಯಿತು, ಗಲ್ಫಿನಿಂದ ಬಂದವರೇ ತಂದರು ಅಂತ ಆಯಿತು. ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದರು. ಒಳದಾರಿಗಳಿಗೂ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮವರು ಗಡಿಯಲ್ಲಿ ನಿಂತರು. ಚಿಕಿತ್ಸೆ ಸಿಗದೆ ಕೆಲವರು ಸತ್ತರು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲ್ ಮೊದಲ ವಾರ ಕಳೆದ ಮೇಲೆ ತುರ್ತು ರೋಗಿಗಳನ್ನು ಬಿಡುವುದು ಅಂತ ಆಯಿತು.

ಆ ದಿನಗಳಲ್ಲಿ ನಾವು ಇಲ್ಲಿ ಮನೆಯೊಳಗೇ. ಕನ್ನಡ ಚಾನೆಲ್ ಹಾಕಿದರೆ ಕಾಸರಗೋಡಿನವರು ರೋಗ ಹೊತ್ತು ತರುವವರು. ಮಲಯಾಳಂ ಚಾನೆಲ್ ಹಾಕಿದರೆ ಕರ್ನಾಟಕದವರು ಕಲ್ಲು ಮನಸ್ಸಿನವರು. ಎರಡು ಕಡೆಯಲ್ಲೂ ಗಲ್ಫಿನವನೇ ಮೊದಲ ಆರೋಪಿ. ನಾನು ಅದನ್ನು ನೋಡುತ್ತಾ, ರಾತ್ರಿ ನಿದ್ದೆಯಿಲ್ಲದೆ, ಗ್ರೂಪಿನಲ್ಲಿ ಜಗಳ ಓದುತ್ತಾ ಕೂತಿರುತ್ತಿದ್ದೆ. ಊರಿನಲ್ಲಿದ್ದ ನನ್ನ ಅಮ್ಮನಿಗೆ ಫೋನು ಮಾಡಿದರೆ ಅವರು ಹೇಳಿದ್ದು, "ಇಲ್ಲಿ ಆಚೆಮನೆಯ ಬ್ಯಾರಿ ಹುಡುಗ ನನ್ನ ಬಿಪಿ ಮಾತ್ರೆ ತಂದುಕೊಟ್ಟ, ತೋಟಕ್ಕೆ ನೀರು ಬಿಟ್ಟಾಯ್ತು, ನೀನು ಉಂಡೆಯಾ?" ನಾನು ಟಿವಿಯಲ್ಲಿ ನೋಡುತ್ತಿದ್ದ ಊರು ಯಾವುದೋ, ಅಮ್ಮ ಇದ್ದ ಊರು ಯಾವುದೋ. ಕಷ್ಟ ಇರಲಿಲ್ಲ ಅಂತಲ್ಲ. ಇತ್ತು. ಆದರೆ ಆ ಕಷ್ಟದಲ್ಲಿ ಯಾರು ಯಾರಿಗೆ ಆದರು ಅನ್ನುವುದು ಬೆಂಗಳೂರಿನ ಸ್ಟುಡಿಯೋಗೂ ಕಾಣುವುದಿಲ್ಲ, ತಿರುವನಂತಪುರದ ಸ್ಟುಡಿಯೋಗೂ ಕಾಣುವುದಿಲ್ಲ. ನಮ್ಮ ಜಿಲ್ಲೆ ಅವರಿಬ್ಬರಿಗೂ ನಕಾಶೆಯ ಅಂಚು. ಅವತ್ತಿನಿಂದ ನನ್ನದೊಂದು ಪದ್ಧತಿ. ಊರಿನ ಸುದ್ದಿ ಏನೇ ಬರಲಿ, ಮೊದಲು ಮನೆಗೆ ಫೋನು, ಆಮೇಲೆ ಟಿವಿ.

ವೋಟಿನ ವಿಷಯ ಉಳಿಯಿತು. ಇಲ್ಲಿಂದ ಹಾಕಲು ಆಗುವುದಿಲ್ಲ. ಬದಲಿ ವ್ಯಕ್ತಿಯ ಮೂಲಕ ವೋಟು ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿತ್ತು, ರಾಜ್ಯಸಭೆಯಲ್ಲಿ ಪಾಸಾಗದೆ ಬಿದ್ದುಹೋಯಿತು. ಈಗ ಇರುವುದು ಒಂದೇ ದಾರಿ. ಫಾರಂ 6ಎ ತುಂಬಿಸಿ ಪ್ರವಾಸಿ ಮತದಾರ ಅಂತ ಹೆಸರು ಬರೆಸಬೇಕು. ಪಾಸ್‌ಪೋರ್ಟಿನಲ್ಲಿ ಇರುವ ಊರಿನ ವಿಳಾಸಕ್ಕೆ ಹೆಸರು ಬರುತ್ತದೆ. ಅದಕ್ಕೆ ಕಾರ್ಡು ಕೊಡುವುದಿಲ್ಲ, ಮತಗಟ್ಟೆಗೆ ಅಸಲಿ ಪಾಸ್‌ಪೋರ್ಟ್ ಹಿಡಿದು ನೀನೇ ಹೋಗಬೇಕು. ದೇಶದಲ್ಲಿ ಹೀಗೆ ಹೆಸರು ಬರೆಸಿದವರಲ್ಲಿ ಹೆಚ್ಚಿನವರು ಕೇರಳದವರೇ. ಚುನಾವಣೆ ಬಂದರೆ ಇಲ್ಲಿಂದ ವೋಟಿಗೆಂದೇ ವಿಮಾನ ಮಾಡಿಕೊಂಡು ಹೋಗುವವರಿದ್ದಾರೆ.

ನೀನು ಮಂಜೇಶ್ವರ ಕ್ಷೇತ್ರದವನು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. 2016ರ ವಿಧಾನಸಭೆ ಚುನಾವಣೆಗೆ ನನಗೆ ರಜೆ ಸಿಗಲಿಲ್ಲ. ಮೇ 19, ಗುರುವಾರ, ಎಣಿಕೆ. ಊರಿನ ಎಂಟು ಗಂಟೆ ಅಂದರೆ ಇಲ್ಲಿ ಆರೂವರೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ, ಕ್ಯಾಲ್ಕುಲೇಟರಿನ ಪಕ್ಕದಲ್ಲಿ, ಊಟದ ಹೊತ್ತಿನಲ್ಲಿ ಫೋನನ್ನೇ ನೋಡುತ್ತಿದ್ದೆ. ಕೊನೆಗೆ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ 56,870, ಬಿಜೆಪಿಯ ಕೆ. ಸುರೇಂದ್ರನ್ 56,781. ಅಂತರ 89. ನಮ್ಮ ಬಿಲ್ಡಿಂಗಿನ, ಪಕ್ಕದ ಬಿಲ್ಡಿಂಗಿನ ಮಂಜೇಶ್ವರದವರನ್ನು ಲೆಕ್ಕ ಹಾಕಿದರೆ 89 ಅಲ್ಲೇ ಮುಗಿಯುತ್ತದೆ. ಅಷ್ಟು ಜನ ದಿನಾ ಸಂಜೆ ಗಂಟಲು ಹರಿಯುವ ಹಾಗೆ ಚರ್ಚೆ ಮಾಡಿದವರು. ಆ ಲೆಕ್ಕದಲ್ಲಿ ಒಬ್ಬನೂ ಇರಲಿಲ್ಲ.

ಇನ್ನೂ ವಿಚಿತ್ರ ಮುಂದೆ ಆಯಿತು. ಸೋತವರು ಹೈಕೋರ್ಟಿಗೆ ಹೋದರು. ಸತ್ತವರ ಹೆಸರಿನಲ್ಲಿ, ವಿದೇಶದಲ್ಲಿ ಇರುವವರ ಹೆಸರಿನಲ್ಲಿ ವೋಟು ಬಿದ್ದಿದೆ ಅಂತ ದೂರು. ಸತ್ತಿದ್ದಾರೆ ಅಂತ ಪಟ್ಟಿಯಲ್ಲಿ ಇದ್ದವರಲ್ಲೇ ಜೀವಂತ ಇರುವವರು ಎದ್ದುಬಂದರು. ಶಾಸಕರು 2018ರಲ್ಲಿ ತೀರಿಕೊಂಡರು, ಅರ್ಜಿಯನ್ನು 2019ರಲ್ಲಿ ಹಿಂದೆ ತೆಗೆದುಕೊಂಡರು, ಉಪಚುನಾವಣೆ ನಡೆಯಿತು. ಆ ದೂರು ನಿಜವೋ ಸುಳ್ಳೋ ತೀರ್ಮಾನವೇ ಆಗಲಿಲ್ಲ. ಆದರೆ ಆ ದಿನಗಳಲ್ಲಿ ನಮ್ಮ ರೂಮಿನಲ್ಲಿ ಒಂದು ತಮಾಷೆ ಇತ್ತು. ನಾವು ಇಲ್ಲಿ ಕುಬ್ಬೂಸ್ ರೊಟ್ಟಿ ತಿನ್ನುತ್ತಾ ಕೂತಿದ್ದೇವೆ, ನಮ್ಮ ಹೆಸರು ಊರಿನಲ್ಲಿ ವೋಟು ಹಾಕಿ ಬಂದಿರಬಹುದು ಅಂತ. ಇಚ್ಚ ನಗಲಿಲ್ಲ. ಅವರಿಗೆ ಅಂತರ 89 ಆದದ್ದಕ್ಕೆ ಖುಷಿ, ನನಗೆ... ನಾನು ಯಾರಿಗೆ ಹಾಕುತ್ತಿದ್ದೆ ಅಂತ ಕೇಳಬೇಡ, ಅದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಗೆದ್ದವರ ಬಗ್ಗೆ ಬೇಸರ ಅಲ್ಲ. ಅಷ್ಟು ಹತ್ತಿರ ಬಂದ ಒಂದು ವಿಷಯದಲ್ಲಿ ನನ್ನ ಕೈ ಇರಲಿಲ್ಲವಲ್ಲ, ಅದು ಈಗಲೂ ಚುಚ್ಚುತ್ತದೆ.

2021ರಲ್ಲೂ ಅಲ್ಲಿ ಅಂತರ 745 ಮಾತ್ರ. 2024ರ ಲೋಕಸಭೆಗೆ ನಾನು ಹೋದೆ. ಏಪ್ರಿಲ್ 26, ಶುಕ್ರವಾರ. ಅದಕ್ಕೆ ಹತ್ತು ದಿನ ಮೊದಲು ಇಲ್ಲಿ ಹಿಂದೆಂದೂ ಕಾಣದ ಮಳೆ ಬಂದು ದುಬೈ ವಿಮಾನ ನಿಲ್ದಾಣವೇ ಮುಳುಗಿತ್ತು, ಶಾರ್ಜಾದ ರಸ್ತೆಗಳಲ್ಲಿ ದಿನಗಟ್ಟಲೆ ನೀರು. ಟಿಕೆಟ್ ಹೋಯಿತು ಅಂದುಕೊಂಡಿದ್ದೆ. ಹೋಗಲಿಲ್ಲ. ಶಾಲೆಯ ಸಾಲಿನಲ್ಲಿ ನಿಂತಾಗ ಹಿಂದಿನವರು, "ಇದಕ್ಕೇ ಬಂದದ್ದಾ ಮಾರಾಯ, ನಿನಗೆ ಬೇರೆ ಕೆಲಸ ಇಲ್ವಾ?" ಅಂದರು. ಬೂತಿನ ಅಧಿಕಾರಿ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಆ ಖರ್ಚಿನಲ್ಲಿ ಒಂದು ಒಳ್ಳೆ ಫೋನು ಬರುತ್ತಿತ್ತು ಅಂತ ಹೆಂಡತಿಯ ಲೆಕ್ಕ.

ಆದ್ದರಿಂದ ಹೊರಡುವ ಮೊದಲು ಪಾಸ್‌ಪೋರ್ಟಿನಲ್ಲಿ ಯಾವ ವಿಳಾಸ ಇದೆ ಅಂತ ನೋಡು. ನೀನು ಡಿಗ್ರಿ ಮಾಡುವಾಗ ಮಂಗಳೂರಿನ ಹಾಸ್ಟೆಲ್ ವಿಳಾಸ ಕೊಟ್ಟಿದ್ದರೆ ಎಡವಟ್ಟಾಗುತ್ತದೆ, ಆಮೇಲೆ ಸರಿ ಮಾಡಿಸಲು ತಿರುಗಬೇಕು. ವೀಸಾ ಬಂದ ಮೇಲೆ ಫಾರಂ ಆನ್‌ಲೈನಿನಲ್ಲೇ ತುಂಬಿಸಬಹುದು, ಒಂದು ರಜೆ ದಿನ ಮನೆಗೆ ಬಾ, ಕೂತು ಮಾಡೋಣ. ಟಿಕೆಟ್ ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಅಂತ ನೀನು ಬರೆಯಲೇ ಇಲ್ಲ. ದುಬೈಯಲ್ಲಿ ಇಳಿಯುವುದಾ ಶಾರ್ಜಾದಲ್ಲಿ ಇಳಿಯುವುದಾ ಅದನ್ನೂ ತಿಳಿಸು. ಶನಿವಾರ, ಆದಿತ್ಯವಾರವಾದರೆ ನಾನೇ ಕಾರು ತರುತ್ತೇನೆ, ಬೇರೆ ದಿನವಾದರೆ ಇಚ್ಚನ ಮಗ ಬರುತ್ತಾನೆ.