ಡಿಮ್ ಸಮ್: ಹಬೆ ಆರುವ ಮುನ್ನ

ಪ್ರಶ್ನೆ: ನಾವು ನಾಲ್ವರು ಹಾಂಗ್‌ಕಾಂಗ್‌ಗೆ ಹೊರಟಿದ್ದೇವೆ. ಡಿಮ್ ಸಮ್ ತಿನ್ನುವ ಆಸೆ. ಇಬ್ಬರು ಸಸ್ಯಾಹಾರಿಗಳು. ಆರ್ಡರ್ ಮಾಡುವುದು ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ಬೆಳಿಗ್ಗೆಯೇ ಹೋಗಿ. ಡಿಮ್ ಸಮ್ ರಾತ್ರಿಯೂಟವಲ್ಲ, ಹೆಚ್ಚಾಗಿ ಹಬೆಯಲ್ಲಿ ಬೆಂದು ಪುಟ್ಟ ಬುಟ್ಟಿಗಳಲ್ಲಿ ಬರುವ, ಚಹಾದ ಜೊತೆಗಿನ ತಿಂಡಿ. ಅಲ್ಲಿಯವರು ಇದನ್ನು ಕರೆಯುವುದೇ ‘ಯಮ್ ಚಾ’, ಅಂದರೆ ಚಹಾ ಕುಡಿಯುವುದು ಎಂದು. ಕೂತ ಕೂಡಲೇ ಯಾವ ಚಹಾ ಎಂದು ಕೇಳುತ್ತಾರೆ. ಜಿಡ್ಡಿನ ತಿಂಡಿಗೆ ‘ಬೋ ಲೇ’ ಎಂಬ ಹುದುಗಿಸಿದ ಕಪ್ಪು ಚಹಾ ಚೆನ್ನಾಗಿ ಹೊಂದುತ್ತದೆ. ಹಗುರವಾದದ್ದು ಬೇಕಿದ್ದರೆ ಮಲ್ಲಿಗೆ ಚಹಾ. ಪಾಟ್ ಖಾಲಿಯಾದಾಗ ಮುಚ್ಚಳ ಓರೆ ಮಾಡಿಡಿ, ಬಿಸಿನೀರು ತುಂಬಿಸುತ್ತಾರೆ. ಚಹಾಕ್ಕೆ ತಲಾ ಇಷ್ಟೆಂದು ದರ, ಅದಲ್ಲದೆ ಸಾಮಾನ್ಯವಾಗಿ ಶೇ 10 ಸೇವಾ ಶುಲ್ಕ ಇಡೀ ಬಿಲ್ಲಿಗೆ ಸೇರುತ್ತದೆ.

ಆರ್ಡರ್ ಪಟ್ಟಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಗುರುತು ಹಾಕಿಬಿಡುವುದೇ ಹೊಸಬರ ದೊಡ್ಡ ತಪ್ಪು. ಬುಟ್ಟಿಗಳು ಒಂದರ ಮೇಲೊಂದು ಬಂದು ಆರುತ್ತವೆ. ಮೊದಲು ಮೂರೇ ಹೇಳಿ, ಅದು ಮುಗಿಯುತ್ತಿದ್ದಂತೆ ಮತ್ತೆರಡು. ಒಬ್ಬರಿಗೆ ಎರಡು-ಮೂರು ಬುಟ್ಟಿ ಸಾಕು. ಅಡುಗೆಮನೆಯ ಕೈ ಹೇಗಿದೆಯೆಂದು ತಿಳಿಯಲು ‘ಹಾ ಗೌ’ ಎಂಬ ಸಿಗಡಿ ಕಡುಬನ್ನು ಮೊದಲು ತರಿಸಿ. ಹೊದಿಕೆ ತೆಳುವಾಗಿದ್ದು ಒಳಗಿನ ಸಿಗಡಿಯ ಗುಲಾಬಿ ಬಣ್ಣ ಹೊಳೆಯಬೇಕು, ನಿರಿಗೆಗಳು ಒತ್ತೊತ್ತಾಗಿರಬೇಕು, ಚಾಪ್‌ಸ್ಟಿಕ್‌ನಲ್ಲಿ ಎತ್ತಿದಾಗ ತಳ ಬುಟ್ಟಿಗೆ ಅಂಟಿ ಹರಿಯಬಾರದು. ಬಂದ ಐದು ನಿಮಿಷದೊಳಗೆ ತಿನ್ನಿ. ಆರಿದರೆ ಹೊದಿಕೆ ಬಿರುಸಾಗುತ್ತದೆ.

ಸಸ್ಯಾಹಾರಿಗಳು ಹೆಸರು ನೋಡಿ ಮೋಸಹೋಗುವುದು ‘ಲೋ ಬಾಕ್ ಗೋ’ ವಿಷಯದಲ್ಲಿ. ಮೂಲಂಗಿ ಕೇಕ್ ಎಂದಿದ್ದರೂ ಅದರಲ್ಲಿ ಸಾಮಾನ್ಯವಾಗಿ ಒಣಸಿಗಡಿ, ಹಂದಿಮಾಂಸದ ಸಾಸೇಜ್ ಇರುತ್ತವೆ. ಬೇಯಿಸಿದ ಸೊಪ್ಪಿನ ಮೇಲೂ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಸುರಿಯುತ್ತಾರೆ. ‘ಙೋ ಸಿಕ್ ಜಾಯ್’ (ನಾನು ಸಸ್ಯಾಹಾರಿ) ಎಂದು ಹೇಳಿ. ವರ್ಣಮಾಲೆಯಲ್ಲಿ ಕಲಿತು ಮರೆತ ನಮ್ಮ ‘ಙ’ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಇನ್ನೂ ನಿಶ್ಚಿಂತೆ ಬೇಕಿದ್ದರೆ ಡೈಮಂಡ್ ಹಿಲ್‌ನ ನಾನ್ ಲಿಯಾನ್ ಉದ್ಯಾನದೊಳಗಿನ ಚಿ ಲಿನ್ ಸಸ್ಯಾಹಾರಿ ಹೋಟೆಲಿಗೆ ಹೋಗಿ. ಬೌದ್ಧ ಪದ್ಧತಿಯ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಮೈದಾದಿಂದ ಹಾ ಗೌ ಮಾಡಿದೆ. ಹೊದಿಕೆ ಬೆಳ್ಳಗೆ, ರಬ್ಬರಿನಂತಾಯಿತು.
– ಓದುಗರು, ಬೆಂಗಳೂರು

ಉತ್ತರ: ಮೈದಾದ ಗ್ಲುಟೆನ್ ಹೊದಿಕೆಯನ್ನು ಪಾರದರ್ಶಕವಾಗಲು ಬಿಡುವುದಿಲ್ಲ. ಗ್ಲುಟೆನ್ ತೆಗೆದ ಗೋಧಿ ಪಿಷ್ಟ ಬೇಕು. ಹಲ್ವಕ್ಕೆ ಗೋಧಿ ಹಾಲು ತೆಗೆದಾಗ ತಳದಲ್ಲಿ ಕೂರುತ್ತದಲ್ಲ, ಅದೇ. 100 ಗ್ರಾಂ ಗೋಧಿ ಪಿಷ್ಟ, 40 ಗ್ರಾಂ ಮರಗೆಣಸಿನ ಪಿಷ್ಟ, ಚಿಟಿಕೆ ಉಪ್ಪು ಬೆರೆಸಿ, ಕುದಿಯುತ್ತಿರುವ ಸುಮಾರು 150 ಮಿ.ಲೀ. ನೀರನ್ನು ಒಮ್ಮೆಲೇ ಸುರಿದು ತಿರುವಿ, ಐದು ನಿಮಿಷ ಮುಚ್ಚಿಡಿ. ಒಂದು ಚಮಚ ಎಣ್ಣೆ ಹಾಕಿ ನಾದಿ. ಲಟ್ಟಿಸುವಾಗ ಉಳಿದ ಹಿಟ್ಟನ್ನು ಒದ್ದೆ ಬಟ್ಟೆಯಡಿ ಇಡಿ. ಜೋರು ಹಬೆಯಲ್ಲಿ ಆರು ನಿಮಿಷ ಸಾಕು. ಮಡಿಸುವಾಗ ಅಂಚು ಬಿರಿಯುತ್ತಿದ್ದರೆ ಕಾರಣ ಹೆಚ್ಚಾಗಿ ನೀರಿನದ್ದೇ: ಅಕ್ಕಿ ಕಡುಬಿನ ಹಿಟ್ಟಿನಂತೆ ಇದೂ ಸುರಿದ ಕ್ಷಣವೇ ಬೇಯಬೇಕು, ನೀರು ಬರೀ ಬಿಸಿಯಿದ್ದರೆ ಸಾಲದು, ಕುದಿಯುತ್ತಿರಬೇಕು.