ತಾಮ್ರದ ಲೇಪ ಕಪ್ಪಾದರೆ ಎಲೆಕ್ಟ್ರೋಡ್ ಕೆಟ್ಟಿತೇ?

ಗದಗ ಕಡೆಯ ಬೋರ್‌ವೆಲ್ ನೀರಿನ ನೈಟ್ರೇಟ್ ಅಳೆಯಲು ಧಾರವಾಡದ ಲ್ಯಾಬಿನಲ್ಲಿ ಕರೆಂಟ್ ಹರಿಸಿ ತಾಮ್ರ ಲೇಪಿಸಿದ ಎಲೆಕ್ಟ್ರೋಡ್ ಮಾಡುತ್ತಿದ್ದೀರಿ, ತಾಮ್ರ ಹೊಳೆಯದೆ ಕಪ್ಪಗೆ ಕೂರುತ್ತಿದೆ, ಎಸೆಯಬೇಕಾ ಅಂತ ಕೇಳಿದ್ದೀರಿ. ಎಸೆಯಬೇಡಿ, ಬಹುಶಃ ನಿಮಗೆ ಬೇಕಾದ್ದೇ ಅದು. ಲೇಪಿಸುವಾಗ ವೋಲ್ಟೇಜ್ ತೀರಾ ಋಣವಾದರೆ ತಾಮ್ರದ ಅಯಾನುಗಳು ಬಂದು ಸೇರುವುದಕ್ಕಿಂತ ಬೇಗ ಖರ್ಚಾಗುತ್ತವೆ. ಆಗ ಲೇಪ ಸಮನಾಗಿ ಹರಡದೆ, ಮುಂಚಾಚಿದ ತುದಿಗಳೇ ಮತ್ತಷ್ಟು ಬೆಳೆದು ಜಾಲಿಗಿಡದ ಹಾಗೆ ಕವಲೊಡೆಯುತ್ತವೆ. ಆಮ್ಲದ ದ್ರಾವಣದಲ್ಲಿ ಏಳುವ ಹೈಡ್ರೋಜನ್ ಗುಳ್ಳೆಗಳು ನಡುನಡುವೆ ರಂಧ್ರ ಬಿಡುತ್ತವೆ. ಬೆಳಕು ಆ ಸಂದಿಗಳಲ್ಲೇ ಸಿಕ್ಕಿಬೀಳುವುದರಿಂದ ಕಪ್ಪು. ಮೇಲ್ಮೈ ಹೆಚ್ಚಿದರೆ ನೈಟ್ರೇಟ್ ಅಪಕರ್ಷಣೆಯ (ಅದು ಎಲೆಕ್ಟ್ರಾನ್ ಪಡೆಯುವ ಕ್ರಿಯೆಯ) ಕರೆಂಟೂ ಸಾಮಾನ್ಯವಾಗಿ ಹೆಚ್ಚುತ್ತದೆ. ತೊಳೆಯುವಾಗಲೇ ಪುಡಿ ಉದುರಿದರೆ ಮಾತ್ರ ಅತಿಯಾಯಿತು, ಲೇಪನದ ಸಮಯ ಇಳಿಸಿ. ಭಾರತದಲ್ಲಿ ಕುಡಿಯುವ ನೀರಿನ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕ್ಯಾಲಿಬ್ರೇಷನ್ (ಗೊತ್ತಿರುವ ಪ್ರಮಾಣದ ದ್ರಾವಣಗಳಿಂದ ಅಳತೆ ಹೊಂದಿಸುವುದು) ಅದರ ಆಚೀಚೆ ಇರಲಿ, ನೀರಿನಲ್ಲಿರುವ ಕ್ಲೋರೈಡ್ ಅಳತೆ ಕೆಡಿಸಬಹುದು, ಅದನ್ನು ಬೆರೆಸಿಯೂ ಒಮ್ಮೆ ನೋಡಿ.