ಮರದೊಳಗೆ ಇದ್ದವಳು: ಒಂದು ಆಪ್ತಸಲಹೆ ಪ್ರಕರಣ

ನಾಲ್ಕೂವರೆ ವರ್ಷದ ಹುಡುಗ. ಇಲ್ಲಿ ಅವನನ್ನು ಪುಟ್ಟು ಎಂದು ಕರೆಯುತ್ತೇನೆ. ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿಯ ಒಪ್ಪಿಗೆಯಿದೆ. ಸಂಕ್ರಾಂತಿ ಕಳೆದ ಮೇಲೆ ತಾಯಿ ಮತ್ತು ತಂದೆಯ ಕಡೆಯ ಅಜ್ಜಿ ಅವನನ್ನು ಕರೆದುಕೊಂಡು ಬಂದರು. ತಂದೆಗೆ ಬೇರೆ ಊರಿನಲ್ಲಿ ಕೆಲಸ.

ಪುಟ್ಟು ಹೋಗುವ ಶಿಶುವಿಹಾರಕ್ಕೆ ಆ ವರ್ಷ ಹೊಸ ಶಿಕ್ಷಕಿ ಬಂದಿದ್ದರು. ವಾರಕ್ಕೆ ಎರಡು ದಿನ ಮಕ್ಕಳನ್ನು ಹಿತ್ತಲಿಗೆ ಕರೆದೊಯ್ದು ಮರದ ಕೆಳಗೆ ಆಡಿಸುತ್ತಿದ್ದರು. ಹಿತ್ತಲಿನಲ್ಲಿ ದೊಡ್ಡ ಹೊಂಗೆ ಮರ, ಕಾಂಪೌಂಡಿನ ಆಚೆ ಹಳೆಯ ಹುಣಸೆ ಮರ. ಉಳಿದ ಮಕ್ಕಳು ಆ ಹೊತ್ತಿಗಾಗಿ ಕಾಯುತ್ತಿದ್ದರೆ ಪುಟ್ಟು ಬಾಗಿಲ ಚೌಕಟ್ಟನ್ನು ಅವಚಿ ಹಿಡಿದು ಕಿರುಚುತ್ತಿದ್ದ. ಒಮ್ಮೆ ಚಡ್ಡಿಯಲ್ಲೇ ಮೂತ್ರ ಮಾಡಿಕೊಂಡಿದ್ದ. ಹಿತ್ತಲಿಗೆ ಹೋಗುವ ದಿನ ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಶುರುವಾಗುತ್ತಿತ್ತು. ಬೇರೆ ದಿನಗಳಲ್ಲಿ ಇಲ್ಲ.

ತಾಯಿಗೆ ಒಗಟಾಗಿದ್ದು ಬೇರೆಯೇ. “ಮೇಡಂ, ಮರದ ಬಗ್ಗೆ ಇವನಿಗೆ ಎಲ್ಲವೂ ಗೊತ್ತು” ಎಂದು ಮೊಬೈಲ್‌ನಲ್ಲಿ ವಿಡಿಯೊ ತೋರಿಸಿದರು. ಛದ್ಮವೇಷ ಸ್ಪರ್ಧೆ. ಹಸಿರು ಬಣ್ಣ ಬಳಿದ ರಟ್ಟಿನ ತೂತಿನಿಂದ ಮುಖವಷ್ಟೇ ಕಾಣುವ ಪುಟ್ಟು ಒಂದೇ ಉಸಿರಿಗೆ ಹೇಳುತ್ತಾನೆ: “ನಾನು ಮರ. ನಾನು ನಿಮಗೆ ಆಮ್ಲಜನಕ, ನೆರಳು, ಹಣ್ಣು ಕೊಡುತ್ತೇನೆ. ನನ್ನನ್ನು ಕಡಿಯಬೇಡಿ. ನನಗೂ ನೋವಾಗುತ್ತದೆ.” ಎರಡನೆಯ ಬಹುಮಾನ ಬಂದಿತ್ತಂತೆ. ಜೂನ್ 5ರ ವಿಶ್ವ ಪರಿಸರ ದಿನ ಬಂತೆಂದರೆ ನಮ್ಮ ಶಾಲೆಗಳ ವೇದಿಕೆಗಳ ಮೇಲೆ ಇದೇ ರಟ್ಟಿನ ಮರಗಳು ಇದೇ ಮಾತು ಹೇಳುತ್ತವೆ. ನಾಲ್ಕು ವರ್ಷದ ಮಗುವಿಗೆ ಆಮ್ಲಜನಕವೆಂದರೆ ಏನು ಎಂದು ಯಾರೂ ಕೇಳುವುದಿಲ್ಲ, ಬಿಡಿ.

ಮೊದಲು ನೋಡಬೇಕಾದದ್ದು, ಇದು ಸ್ಪರ್ಶದ ತೊಂದರೆಯೇ ಎಂಬುದನ್ನು. ಒದ್ದೆ, ಅಂಟು, ಒರಟು ವಸ್ತುಗಳು ಕೈಗೆ ತಾಗಿದರೆ ಕೆಲವು ಮಕ್ಕಳು ನಿಜಕ್ಕೂ ತಾಳಲಾರರು. ಕಲಸಿದ ಹಿಟ್ಟು, ಮರಳು, ಒಣ ಎಲೆ, ಹೊಂಗೆ ಕಾಯಿಗಳನ್ನು ತಟ್ಟೆಗಳಲ್ಲಿಟ್ಟು ಮುಂದಿರಿಸಿದೆ. ಪುಟ್ಟು ಎಲ್ಲವನ್ನೂ ಮುಟ್ಟಿದ. ಹೊಂಗೆ ಕಾಯಿಗಳನ್ನು ದೊಡ್ಡದು, ಚಿಕ್ಕದು ಎಂದು ಬೇರ್ಪಡಿಸಿದ. ಕಂಬಳಿಹುಳು ತಾಗಿದ್ದಾಗಲೀ ಇರುವೆ ಕಚ್ಚಿದ್ದಾಗಲೀ ಮನೆಯವರಿಗೆ ನೆನಪಿರಲಿಲ್ಲ. ಎಲೆ, ಕಾಯಿಗಳ ತಂಟೆ ಅವನಿಗಿರಲಿಲ್ಲ. ಹೆದರಿಕೆಯಿದ್ದದ್ದು ನೆಲದ ಮೇಲೆ ನಿಂತಿರುವ ಮರದ ಬಗ್ಗೆ.

ಮರದ ಚಿತ್ರ ಬರೆಯುತ್ತೀಯಾ ಎಂದು ಕೇಳಿದೆ. ಕಾಂಡ ಬರೆದ, ಕೊಂಬೆ ಬರೆದ, ಕಾಂಡದೊಳಗೆ ಎರಡು ಕಣ್ಣು ಬರೆದ. ಆಮೇಲೆ ಕಪ್ಪು ಬಳಪದಿಂದ ಕಣ್ಣುಗಳನ್ನು ತೀಡಿ ತೀಡಿ ಮುಚ್ಚಿಬಿಟ್ಟ.

“ಯಾರದು?”

“ಅವಳು. ನಾನು ಎಲೆ ಕಿತ್ತಿದ್ದೇನೆ.”

ಇಡೀ ಪ್ರಕರಣ ಈ ಒಂದು ಉತ್ತರದಲ್ಲಿತ್ತು. ಬಿಡಿಸಿಕೊಳ್ಳಲು ಇನ್ನೆರಡು ಭೇಟಿ ಬೇಕಾದವು. ಊಟಕ್ಕೆ ಹಟ ಹಿಡಿದಾಗ ಅಜ್ಜಿ ಹೇಳುತ್ತಿದ್ದ ಮಾತು ಒಂದು: ಹುಣಸೆ ಮರದಲ್ಲಿ ಕೂದಲು ಬಿಟ್ಟುಕೊಂಡವಳೊಬ್ಬಳು ಇದ್ದಾಳೆ, ಉಣ್ಣದ ಮಕ್ಕಳನ್ನು ಹುಡುಕಿಕೊಂಡು ಬರುತ್ತಾಳೆ. ಹಿಂದಿನ ತರಗತಿಯಲ್ಲಿ ಕಲಿತ ಪಾಠ ಇನ್ನೊಂದು: ಮರಕ್ಕೂ ಜೀವವಿದೆ, ಎಲೆ ಕಿತ್ತರೆ ಅದು ಅಳುತ್ತದೆ. ಎರಡನ್ನೂ ಹೇಳಿದವರು ಅವನು ನಂಬುವ ಹಿರಿಯರೇ. ಅವನು ಎರಡನ್ನೂ ಕೂಡಿಸಿದ. ಅವನು ಎಲೆ ಕಿತ್ತಿದ್ದಾನೆ, ಮರ ಅತ್ತಿದೆ, ಒಳಗಿರುವವಳಿಗೆ ಅದು ಕೇಳಿಸಿದೆ. ಹುಣಸೆಯಲ್ಲಿ ಇರಬಹುದಾದವಳು ಹೊಂಗೆಯಲ್ಲೇಕೆ ಇರಬಾರದು? ಈ ತರ್ಕದಲ್ಲಿ ಲೋಪವೆಲ್ಲಿದೆ ಎಂದು ತಾಯಿಯನ್ನು ಕೇಳಿದಾಗ ಅವರಿಗೂ ನಗು ಬಂತು.

ಈ ವಯಸ್ಸಿನ ಮಕ್ಕಳು ಜೀವವಿಲ್ಲದ ವಸ್ತುಗಳಲ್ಲೂ ಮನಸ್ಸು, ಸಿಟ್ಟು, ಉದ್ದೇಶ ಕಾಣುತ್ತಾರೆ ಎಂದು ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಸುಮಾರು ನೂರು ವರ್ಷಗಳ ಹಿಂದೆಯೇ ವಿವರಿಸಿದ್ದರು. ಚಂದ್ರ ನನ್ನ ಹಿಂದೆ ಬರುತ್ತಾನೆ, ಕಾಲಿಗೆ ತಾಗಿದ ಕುರ್ಚಿ ಕೆಟ್ಟದ್ದು ಎನ್ನುವ ವಯಸ್ಸು ಅದು. ಅಂತಹ ಮಗುವಿಗೆ “ಮರ ಅಳುತ್ತದೆ” ಎಂಬುದು ಅಲಂಕಾರದ ಮಾತಲ್ಲ, ಸುದ್ದಿ. ಗಿಡಗಳು ಪ್ರಚೋದನೆಗೆ ಸ್ಪಂದಿಸುತ್ತವೆ ಎಂದು ಜಗದೀಶಚಂದ್ರ ಬೋಸರು ಉಪಕರಣ ಕಟ್ಟಿ ತೋರಿಸಿದ್ದು ನಿಜ. ಅದನ್ನು ಹೈಸ್ಕೂಲಿನಲ್ಲಿ ಕಲಿಸೋಣ. ಐದು ತುಂಬದ ಮಗುವಿನ ತಲೆಯ ಮೇಲೆ ಭೂಮಿ ಉಳಿಸುವ ಹೊಣೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಮರದೊಂದಿಗೆ ಇನ್ನೂ ಸ್ನೇಹವೇ ಆಗದವನಿಗೆ ತಪ್ಪಿತಸ್ಥನ ಭಾವನೆ ಮೊದಲು ಬಂದರೆ ಅವನು ಮರದಿಂದ ದೂರ ಓಡುತ್ತಾನೆ, ಅಷ್ಟೇ.

ಅಜ್ಜಿಗೆ ಮೊದಲು ಬೇಸರವಾಯಿತು. “ನೋಡಮ್ಮ, ನಾವೆಲ್ಲ ಅದೇ ಕಥೆ ಕೇಳಿ ಬೆಳೆದವರು. ನಮಗೇನಾಗಿದೆ?”

ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟು: “ಅಮ್ಮ, ನೀವು ಹಗಲೆಲ್ಲ ಅದೇ ಹುಣಸೆ ಮರ ಹತ್ತಿ ಕಾಯಿ ಕಿತ್ತು ತಿಂದವರು. ದೆವ್ವ ಬರುತ್ತಿದ್ದದ್ದು ರಾತ್ರಿ ಮಾತ್ರ. ಇವನಿಗೆ ಮರ ಸಿಕ್ಕಿಲ್ಲ, ದೆವ್ವವೊಂದೇ ಸಿಕ್ಕಿದೆ.” ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಕತ್ತಿಕಾಯಿ ಮರದ ಮೊಗ್ಗು ಬಿಡಿಸಿ, ಕೇಸರಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದು ಕೋಳಿ ಜಗಳ ಆಡುತ್ತಿದ್ದುದನ್ನು ಹೇಳತೊಡಗಿದರು. ಯಾರ ಕೇಸರದ ತಲೆ ಉದುರುತ್ತದೋ ಅವರು ಸೋತಂತೆ. ಮುತ್ತುಗದ ಎಲೆಯನ್ನು ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚುತ್ತಿದ್ದದ್ದು, ಎಳೆಯ ತೇಗದ ಎಲೆಯನ್ನು ಅಂಗೈಯಲ್ಲಿ ಉಜ್ಜಿ ಕೆಂಪು ಮಾಡಿಕೊಂಡು ಮದರಂಗಿ ಎನ್ನುತ್ತಿದ್ದದ್ದು, ನೀರುಕಾಯಿ ಮರದ ಮೊಗ್ಗು ಹಿಸುಕಿ ಗೆಳತಿಯರ ಮುಖಕ್ಕೆ ನೀರು ಚಿಮ್ಮಿಸುತ್ತಿದ್ದದ್ದು, ಒಂದರ ಹಿಂದೆ ಒಂದು ಬಂದವು. ಸೊಸೆ ಬೆರಗಾಗಿ ಕೇಳುತ್ತಿದ್ದರು. ಇದನ್ನೆಲ್ಲ ಮೊಮ್ಮಗನಿಗೆ ಯಾಕೆ ಹೇಳಿಲ್ಲ ಎಂದು ಕೇಳಿದೆ. “ಇವನು ಅದನ್ನೆಲ್ಲ ಎಲ್ಲಿ ನೋಡುತ್ತಾನೆ?” ಎಂದರು.

ಅಜ್ಜಿಗೆ ಕೊಟ್ಟ ಸಲಹೆ: ಕಥೆ ನಿಲ್ಲಿಸಬೇಡಿ, ಊಟಕ್ಕೆ ಹೆದರಿಸುವುದನ್ನು ಮಾತ್ರ ನಿಲ್ಲಿಸಿ. “ಅಲ್ಲಿ ಯಾರೂ ಇಲ್ಲ, ಅಜ್ಜಿ ಸುಳ್ಳು ಹೇಳಿದ್ದು” ಎಂದು ತಿದ್ದಲೂ ಹೋಗಬೇಡಿ. ಯಾರೂ ಇಲ್ಲದಿದ್ದರೆ ಯಾಕೆ ಹೇಳಿದಿರಿ ಎಂಬ ಹೊಸ ಗೊಂದಲ ಹುಟ್ಟುತ್ತದೆ. ಸಂಜೆಯ ಮೇಲೆ ಗಿಡ ಮುಟ್ಟಬಾರದು, ಅವು ಮಲಗಿರುತ್ತವೆ ಎಂದು ಹಿರಿಯರು ಹೇಳುತ್ತಾರಲ್ಲ, ಅದನ್ನು ತೋರಿಸಿ. ಅವರ ಮನೆಯ ತಾರಸಿಯಿಂದ ಬೀದಿಯ ಮಳೆ ಮರ ಕಾಣುತ್ತದೆ. ಹೊತ್ತು ಮುಳುಗುವಾಗ ಅದರ ಕಿರುಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಹುಣಸೆಯೂ ಹಾಗೆಯೇ. ಅಜ್ಜಿ ಮೊಮ್ಮಗ ದಿನಾ ಅದನ್ನು ನೋಡಲು ತಾರಸಿ ಹತ್ತತೊಡಗಿದರು. ಮಲಗುವ ಮರ ಯಾರನ್ನೂ ಹಿಡಿಯಲಾರದು ಎಂಬ ತೀರ್ಮಾನಕ್ಕೆ ಪುಟ್ಟು ತಾನೇ ಬಂದ.

ಶಿಕ್ಷಕಿಯನ್ನೂ ಕರೆಸಿದೆ. ಒಳ್ಳೆಯ ಹುಡುಗಿ, ಉತ್ಸಾಹವಂತೆ, ಆಡಳಿತದವರಿಂದ “ಆಟದಲ್ಲಿ ಏನು ಕಲಿತರು?” ಎಂದು ಕೇಳಿಸಿಕೊಂಡು ಸೋತಿದ್ದವರು. ಆ ಒತ್ತಡಕ್ಕೆ ಹಿತ್ತಲಿನಲ್ಲೂ ಕಾರ್ಡು ಹಿಡಿದು ಬೇರು, ಕಾಂಡ, ಎಲೆ ಎಂದು ಹೇಳಿಸುತ್ತಿದ್ದರು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಮಕ್ಕಳಿಗೆ ಆಟವನ್ನೇ ಕಲಿಕೆಯ ದಾರಿಯಾಗಿ ಇಟ್ಟಿದೆ. ಕೇಳಿದವರಿಗೆ ಅದನ್ನು ತೋರಿಸಿ ಎಂದೆ.

ಅವರೊಂದಿಗೆ ಮಾತಾಡಿ ಗೊತ್ತುಮಾಡಿಕೊಂಡದ್ದು ಹೀಗೆ. ವರ್ಷವಿಡೀ ಒಂದೇ ಮರ ಸಾಕು, ಆ ಹೊಂಗೆಯೇ. ಇಪ್ಪತ್ತು ಮರಗಳ ಹೆಸರು ಬೇಡ. ಹತ್ತು ನಿಮಿಷ ಹೊರಗೆ ಕರೆದೊಯ್ದು ಸಾಲಾಗಿ ವಾಪಸ್ ಕರೆತಂದರೆ ಮಕ್ಕಳಿಗೆ ಚಪ್ಪಲಿ ಹಾಕಿಕೊಂಡದ್ದಷ್ಟೇ ನೆನಪಿರುತ್ತದೆ. ಅರ್ಧ ಗಂಟೆಯಾದರೂ ಬಿಡಿ. ಒಂದೇ ನಿಯಮ: ಬಿದ್ದದ್ದು ನಮ್ಮದು, ಕೊಂಬೆಯಲ್ಲಿರುವುದು ಮರದ್ದು. ಪುಟ್ಟುವಿನ ಅಪರಾಧಭಾವಕ್ಕೂ ಇದೇ ಮದ್ದು ಎಂದು ನನ್ನ ಲೆಕ್ಕ. ಹೆಕ್ಕಿದ ಎಲೆಗೆ ಯಾರೂ ಅಳುವುದಿಲ್ಲ.

ಆಟಗಳನ್ನು ನಾನು ಹೇಳಿಕೊಡಬೇಕಾಗಲಿಲ್ಲ, ಅವರಿಗೇ ಹೊಳೆದವು. ಎಷ್ಟು ಮಕ್ಕಳು ಕೈ ಹಿಡಿದರೆ ಕಾಂಡವನ್ನು ಸುತ್ತುವರಿಯಬಹುದು? ಒಣಗಿದ ಹೊಂಗೆ ಕಾಯಿ ಬಕೆಟ್ ನೀರಿನಲ್ಲಿ ತೇಲುತ್ತದೆಯೋ ಮುಳುಗುತ್ತದೆಯೋ? ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆದು ತಿಂಡಿ ತಿಂದು ಬಂದು ನೋಡಿದರೆ ನೆರಳು ಎಲ್ಲಿಗೆ ಹೋಗಿದೆ? ತೊಗಟೆಯ ಮೇಲೆ ಕಾಗದ ಇಟ್ಟು ಬಳಪ ಉಜ್ಜಿದರೆ ಏನು ಮೂಡುತ್ತದೆ? ಹೊಂಗೆಯ ಹಳೆಯ ಎಲೆಗಳ ಮೇಲೆ ಎಲೆಯೊಳಗೆ ಬದುಕುವ ಪುಟ್ಟ ಹುಳುಗಳು ಕೊರೆದ ಬಿಳಿ ಹಾದಿಗಳಿರುತ್ತವೆ. ಮಕ್ಕಳು ಅವುಗಳ ಮೇಲೆ ಬೆರಳು ಓಡಿಸಿ ಬಸ್ ಆಟ ಆಡಿದರಂತೆ. ಯಾವ ಕಾರ್ಡಿನಲ್ಲೂ ಆ ಹಾದಿ ಇಲ್ಲ, ಅಲ್ಲಿಯ ಎಲೆಗಳು ಪರಿಪೂರ್ಣ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳಿದೆ. ಕಾಂಪೌಂಡಿನ ಬದಿಯಲ್ಲಿದ್ದ ಹಳದಿ ಕಣಗಿಲೆಯನ್ನು ತೆಗೆಸಿ. ಅದರ ಬೀಜ ಹೃದಯಕ್ಕೆ ವಿಷ. ಗುಲಗಂಜಿ ಎಷ್ಟೇ ಚೆಂದವಿದ್ದರೂ ಆಟದ ಡಬ್ಬಿಗೆ ಬೇಡ. ಮಕ್ಕಳು ಬೀಜಗಳನ್ನು ಬಾಯಿಗೂ ಹಾಕುತ್ತಾರೆ, ಮೂಗಿಗೂ ತೂರಿಸಿಕೊಳ್ಳುತ್ತಾರೆ, ಆದ್ದರಿಂದ ಸಣ್ಣ ಬೀಜಗಳ ಆಟಕ್ಕೆ ಪಕ್ಕದಲ್ಲೇ ಒಬ್ಬರು ಕುಳಿತಿರಬೇಕು. ಮಕ್ಕಳು ಬರುವ ಮುನ್ನ ಕಾಂಡದ ಮೇಲೆ ಕಂಬಳಿಹುಳು, ಕೆಂಜಗ ಇವೆಯೇ ಎಂದು ಒಂದು ಸುತ್ತು ನೋಡಿ.

ಪುಟ್ಟುವನ್ನು ಎಳೆದೊಯ್ಯಬೇಡಿ, ಧೈರ್ಯಶಾಲಿ ಎಂದು ಹುರಿದುಂಬಿಸಲೂ ಬೇಡಿ ಎಂದಿದ್ದೆ. ಮೊದಲ ವಾರಗಳಲ್ಲಿ ಅವನ ಜಾಗ ವರಾಂಡ. ಅವನಿಗೊಂದು ಉದ್ಯೋಗ: ಬುಟ್ಟಿ ಹಿಡಿದುಕೊಂಡಿರುವುದು. ಬೇರೆ ಮಕ್ಕಳು ಹೆಕ್ಕಿ ತಂದದ್ದನ್ನು ಅವನು ವಿಂಗಡಿಸಬೇಕು. ಆಮೇಲೆ ಬುಟ್ಟಿ ಮೆಟ್ಟಿಲಿಗೆ ಇಳಿಯಿತು, ಮೆಟ್ಟಿಲಿನಿಂದ ಅಂಗಳಕ್ಕೆ. ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವನು ಅವನೇ.

ಒಂದು ದಿನ ಬುಟ್ಟಿಯ ಪಕ್ಕದಲ್ಲಿ ಇರುವೆಗಳ ಸಾಲು ಸತ್ತ ಜಿರಳೆಯ ರೆಕ್ಕೆಯೊಂದನ್ನು ಹೊತ್ತು ಸಾಗುತ್ತಿತ್ತು. ರೆಕ್ಕೆ ಹಾಯಿಯ ಹಾಗೆ ನೆಟ್ಟಗೆ ನಿಂತಿತ್ತು. ಪುಟ್ಟು ಕುಕ್ಕರಗಾಲಿನಲ್ಲಿ ಅದರ ಹಿಂದೆ ಹೊರಟ. ಸಾಲು ಹೊಂಗೆಯ ಬುಡ ಮುಟ್ಟಿ ತೊಗಟೆಯ ಬಿರುಕಿನೊಳಗೆ ಹೋಯಿತು. ರೆಕ್ಕೆ ಬಿರುಕಿಗಿಂತ ದೊಡ್ಡದು, ಸಿಕ್ಕಿಕೊಂಡಿತು. ಅವನು ಮೂಗು ಕಾಂಡಕ್ಕೆ ತಾಗುವಷ್ಟು ಬಗ್ಗಿ ನೋಡುತ್ತ, “ಮಿಸ್, ಇರುವೆ ಅವಳನ್ನು ಕಚ್ಚುತ್ತದೆಯಾ?” ಎಂದು ಕೇಳಿದನಂತೆ. ಶಿಕ್ಷಕಿ ನಗಲಿಲ್ಲ. “ಕಚ್ಚಬಹುದು. ನಿನಗೇನು ಅನ್ನಿಸುತ್ತದೆ?” ಎಂದರು. “ಇಷ್ಟೊಂದು ಇರುವೆ ಇದ್ದರೆ ಅವಳು ಓಡಿಹೋಗಿರುತ್ತಾಳೆ” ಎಂದ. ಶಿಕ್ಷಕಿ ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ನನ್ನ ಯಾವ ಸಲಹೆಗಿಂತಲೂ ಅದು ಮೇಲು.

ಯುಗಾದಿಯ ಹೊತ್ತಿಗೆ ಹೊಂಗೆ ಹಳೆಯ ಎಲೆ ಉದುರಿಸಿ ಹೊಳೆಯುವ ತಿಳಿಹಸಿರು ಹೊತ್ತಿತ್ತು, ಹೊಟ್ಟೆನೋವು ನಿಂತಿತ್ತು. ತಾಯಿಯದು ಆಗ ಬೇರೆ ಚಿಂತೆ. “ಮೇಡಂ, ಈಗ ದಿನಾ ಜೇಬಿನ ತುಂಬ ಕಸ ತರುತ್ತಾನೆ. ಬರೆಯುವುದರಲ್ಲಿ ಹಿಂದೆ ಬೀಳುತ್ತಾನೇನೋ.” ಕಾಯಿ ಬಿಡಿಸುವ, ಎಲೆಗೆ ಕಡ್ಡಿ ಚುಚ್ಚುವ ಬೆರಳುಗಳೇ ನಾಳೆ ಪೆನ್ಸಿಲ್ ಹಿಡಿಯುವುದು ಎಂದು ವಿವರಿಸಿದೆ. ಜೇಬಿನದನ್ನು ಎಸೆಯುವ ಮುನ್ನ ಒಮ್ಮೆ ಅವನ ಜೊತೆ ಕುಳಿತು ನೋಡಿ, ಬಾಗಿಲ ಹೊರಗೆ ಅದಕ್ಕೊಂದು ಮೊರ ಇಡಿ ಎಂದೆ. ಭಾನುವಾರ ಮಾಲ್‌ಗೆ ಹೋಗುವ ಹೊತ್ತಿನಲ್ಲಿ ಅರ್ಧವನ್ನು ಯಾವುದಾದರೂ ಮರದ ಕೆಳಗೆ ಕಳೆಯಿರಿ, ಮೊಬೈಲ್ ಚೀಲದಲ್ಲಿರಲಿ, ಪಾಠ ಮಾಡಬೇಡಿ.

ರಾತ್ರಿ ದೀಪ ಉರಿಯುತ್ತಿದ್ದರೆ ಮಾತ್ರ ಅವನು ಮಲಗುತ್ತಾನೆ, ಹುಣಸೆ ಮರದ ಕಡೆಗೆ ಇನ್ನೂ ಹೋಗುವುದಿಲ್ಲ. ಎರಡಕ್ಕೂ ಚಿಕಿತ್ಸೆ ಬೇಕಿಲ್ಲ ಎಂದು ಹೇಳಿದ್ದೇನೆ. ಕತ್ತಲೆಯ ಭಯ ಈ ವಯಸ್ಸಿನಲ್ಲಿ ಸಾಮಾನ್ಯ. ಆದರೆ ಒಂದೇ ಭಯ ಆರು ತಿಂಗಳು ಕಳೆದರೂ ಇಳಿಯದೆ ಊಟ, ನಿದ್ದೆ, ಶಾಲೆಗೆ ಅಡ್ಡಬಂದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಜೂನ್‌ನಲ್ಲಿ ತರಗತಿ ಬದಲಾಗುತ್ತದೆ. ಹೊಸ ಶಿಕ್ಷಕಿಗೆ ಕೊಡಲು ಒಂದು ಚೀಟಿ ಬರೆದುಕೊಟ್ಟಿದ್ದೇನೆ: ಬುಟ್ಟಿಯ ಕೆಲಸ ಅವನಿಗೇ ಇರಲಿ, “ಮರ ಅಳುತ್ತದೆ” ಎನ್ನಬೇಡಿ, ಅವನು “ಅವಳ” ಬಗ್ಗೆ ಕೇಳಿದರೆ ನಗಬೇಡಿ.